ಸ್ಟಾಪ್ ಲಾಸ್ ತೆಗೆದು ಹಾಕಿದ ದಿನ

2024ರ ಜೂನ್ 3, ಸೋಮವಾರ. ಲೋಕಸಭೆ ಚುನಾವಣೆಯ ಎಕ್ಸಿಟ್ ಪೋಲ್ ನೋಡಿ ಷೇರುಪೇಟೆಯ ಸೂಚ್ಯಂಕ ನಿಫ್ಟಿ ಶೇ 3ಕ್ಕಿಂತ ಜಾಸ್ತಿ ಏರಿತ್ತು. ಎಲ್ಲರೂ ದುಡ್ಡು ಮಾಡ್ತಿದ್ದಾರೆ, ನಾನೊಬ್ಬನೇ ಸುಮ್ನೆ ಕೂತಿದ್ದೀನಿ ಅನ್ನೋ ಸಂಕಟಕ್ಕೆ ಮಧ್ಯಾಹ್ನ ಮೂರರ ಹೊತ್ತಿಗೆ 18 ಸಾವಿರ ರೂಪಾಯಿ ಕೊಟ್ಟು ಕಾಲ್ ಆಪ್ಷನ್ (ನಿಫ್ಟಿ ಏರಿದರೆ ಲಾಭ ಕೊಡುವ ಒಪ್ಪಂದ) ಕೊಂಡೆ.

ಮರುದಿನ ಮತ ಎಣಿಕೆ. ಬೆಳಗ್ಗೆ ಸ್ಟಾಪ್ ಲಾಸ್, ಅಂದರೆ ಬೆಲೆ ಇಷ್ಟಕ್ಕಿಳಿದರೆ ತಾನಾಗೇ ಮಾರಿಬಿಡು ಅನ್ನೋ ಆರ್ಡರ್, ಹಾಕಿದ್ದೆ ನಿಜ. ಆದರೆ ಬೆಲೆ ಅದರ ಹತ್ತಿರ ಬರುತ್ತಿದ್ದ ಹಾಗೆ, 'ಇನ್ನೇನು ತಿರುಗುತ್ತೆ' ಅಂತ ನನ್ನ ಕೈಯಾರೆ ಅದನ್ನು ತೆಗೆದುಬಿಟ್ಟೆ. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ತಣ್ಣಗಾದ ಕಾಫಿ ಲೋಟ, ಅಮ್ಮ ತಿಂಡಿಗೆ ಮೂರು ಸಲ ಕರೆದರೂ ಕಿವಿಗೆ ಬೀಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಉಳಿದದ್ದು ಚಿಲ್ಲರೆ ಕಾಸು. ನಿಫ್ಟಿ ಅವತ್ತು ಶೇ 6ರಷ್ಟು ಬಿದ್ದು 21,884ಕ್ಕೆ ನಿಂತಿತು.

ನಿಜವಾದ ತಪ್ಪು ಆಮೇಲಿನದು. ಹೋದದ್ದನ್ನು ಅವತ್ತೇ ವಾಪಸ್ ತರಬೇಕು ಅಂತ ಸಿಟ್ಟಿನಲ್ಲಿ, ನಿಫ್ಟಿ ಬಿದ್ದರೆ ಲಾಭ ಕೊಡುವ ಪುಟ್ ಆಪ್ಷನ್ ಕೊಂಡೆ, ಅಷ್ಟರಲ್ಲಿ ಮಾರುಕಟ್ಟೆ ತಳದಿಂದ ಮೇಲೇಳುತ್ತಿತ್ತು. ಇನ್ನೊಂದು 11 ಸಾವಿರ ಹೋಯಿತು. ಮಾರುಕಟ್ಟೆಗೆ ನನ್ನ ಮೇಲೇನು ಹಗೆ, ಅಲ್ವಾ?

ಮೂರು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ಆಡಿದ ನಮ್ಮಂಥವರಲ್ಲಿ ಶೇ 93 ಮಂದಿ ಕಳೆದುಕೊಂಡಿದ್ದಾರೆ ಅಂತ ಮಾರುಕಟ್ಟೆ ನಿಯಂತ್ರಕ ಸಂಸ್ಥೆ ಸೆಬಿ ಅದೇ ಸೆಪ್ಟೆಂಬರ್‌ನಲ್ಲಿ ಹೇಳಿತು. ಓದಿ ಸ್ವಲ್ಪ ಸಮಾಧಾನವಾಯಿತು ಅಂದರೆ ನಗಬೇಡಿ.

ಈಗ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಕೊಳ್ಳುವ ಮೊದಲು ಯಾಕೆ ಅಂತ ಬರೆಯಬೇಕು. ಹೋದ ವಾರ 'ಪಕ್ಕದ ಟೇಬಲ್‌ನವನು ಕೊಂಡ' ಅಂತ ಬರೆದು, ನನಗೇ ನಾಚಿಕೆಯಾಗಿ ಆ್ಯಪ್ ಮುಚ್ಚಿದೆ.