96 ತುಂಡಿನ ದಿನ: ಕರೆಂಟ್ ಸಂತೆಯ ಲೆಕ್ಕ ಎಲ್ಲಿಗೆ ಬಂತು

ಮೊದಲ ವಾರ

ನಮ್ಮೂರಿನ ಬಳಕೆದಾರರ ಗುಂಪಿನ ಪರವಾಗಿ ಕೆಇಆರ್‌ಸಿಗೆ (ರಾಜ್ಯದ ಕರೆಂಟ್ ದರ ನಿಗದಿ ಮಾಡುವ ಆಯೋಗ) ಆಕ್ಷೇಪಣೆ ಬರೆಯುವ ಕೆಲಸ ಮೂರು ವರ್ಷದಿಂದ ನನ್ನ ತಲೆಗೆ ಬಿದ್ದಿದೆ. ಸಂಬಳ ಇಲ್ಲ, ಬಸ್ ಚಾರ್ಜೂ ಇಲ್ಲ. ಹೋದ ಸಲ ದರ ಪರಿಷ್ಕರಣೆಯ ವಿಚಾರಣೆಯಲ್ಲಿ ಎದ್ದು ನಿಂತು, "ವಿದ್ಯುತ್ ಖರೀದಿ ವೆಚ್ಚ ಜಾಸ್ತಿ ಆಯ್ತು ಸಾರ್" ಅಂದೆ. "ಎಷ್ಟು ಜಾಸ್ತಿ? ಯಾವ ಹೊತ್ತಿನ ಖರೀದಿ?" ಅಂತ ಕೇಳಿದರು. ನ್ಯಾಯವಾದ ಪ್ರಶ್ನೆಯೇ. ನನ್ನ ಕೈಯಲ್ಲಿ ಇದ್ದದ್ದು ಮನೆಯ ಬಿಲ್ಲು ಮಾತ್ರ. ಸುಮ್ನೆ ಕೂತೆ.

ಹಾಗಾಗಿ ಈ ಸಲ ಲೆಕ್ಕ ಹಿಡಿಯಲು ಹೊರಟಿದ್ದೇನೆ. ಮೊದಲು ಹಳೇ ಬಿಲ್ಲುಗಳನ್ನು ತೆಗೆದೆ. ನೋಟ್‌ಬುಕ್ಕಿನಲ್ಲಿ ಸಾಲಾಗಿ ಅಂಟಿಸಿ ಇಟ್ಟಿದ್ದೆ. ತೆರೆದು ನೋಡಿದರೆ ಅರ್ಧಕ್ಕರ್ಧ ಬಿಳೀ ಚೀಟಿ! ಮೀಟರ್ ರೀಡರ್ ಕೊಡುವ ಆ ನುಣುಪು ಕಾಗದದ ಅಕ್ಷರ ಅಂಟಿನ ಜತೆಗೇ ಹಾರಿಹೋಗಿದೆ. ಕಿಟಕಿ ಹತ್ತಿರ ಓರೆಯಾಗಿ ಹಿಡಿದರೆ 'ಎಫ್‌ಪಿಪಿಸಿಎ' ಅನ್ನುವ ಸಾಲು ಮಸುಕು ಮಸುಕಾಗಿ ಕಾಣುತ್ತದೆ, ಅದರ ಮುಂದಿನ ಅಂಕಿ ಕಾಣುವುದಿಲ್ಲ. ನನಗೆ ಬೇಕಿದ್ದದ್ದು ಆ ಅಂಕಿಯೇ. ಇಂಧನ ಮತ್ತು ಖರೀದಿಯ ಬೆಲೆ ಏರಿಳಿದರೆ ಆ ವ್ಯತ್ಯಾಸ ನಮ್ಮ ತಲೆಗೆ ಬರುವುದು ಆ ಸಾಲಿನಲ್ಲಿ. ಇನ್ನು ಮುಂದೆ ಬಿಲ್ಲು ಬಂದ ದಿನವೇ ಫೋನಿನಲ್ಲಿ ಫೋಟೋ.

ಎರಡನೇ ವಾರ

ಬೆಲೆಯ ಕಡೆ ಕೆಲಸ ಸಲೀಸು. ನಾಳೆಯ ಕರೆಂಟಿಗೆ ಇವತ್ತೇ ಹರಾಜು ನಡೆಯುವ ಸಂತೆ ಇದೆ, ಇಂಡಿಯನ್ ಎನರ್ಜಿ ಎಕ್ಸ್‌ಚೇಂಜ್. 2008ರ ಜೂನ್‌ನಲ್ಲಿ ಶುರುವಾಯಿತು. ದಿನವನ್ನು 15 ನಿಮಿಷದ 96 ತುಂಡು ಮಾಡಿ ಪ್ರತಿ ತುಂಡಿಗೂ ಒಂದು ಬೆಲೆ ಕಟ್ಟುತ್ತಾರೆ. ಯಾರು ಬೇಕಾದರೂ ನೋಡಬಹುದು, ದುಡ್ಡು ಕೊಡಬೇಕಿಲ್ಲ. ಬೆಲೆ ಮೆಗಾವ್ಯಾಟ್ ಗಂಟೆಗೆ ಇಷ್ಟು ಅಂತ ಇರುತ್ತದೆ, ಸಾವಿರದಿಂದ ಭಾಗಿಸಿದರೆ ನಮ್ಮ ಯೂನಿಟ್ಟಿನ ಲೆಕ್ಕ.

ಅಕ್ಕನ ಮಗಳು ಭಾನುವಾರ ಬಂದು ಪೈಥಾನ್‌ನಲ್ಲಿ ಒಂದು ಪುಟ್ಟ ಪ್ರೋಗ್ರಾಂ ಬರೆದುಕೊಟ್ಟಳು. ಫೈಲುಗಳನ್ನು ಜೋಡಿಸಿ ಗೆರೆ ಎಳೆಯುತ್ತದೆ. ಗೆರೆ ನೋಡಿದರೆ ಪಾವಗಡದ ಸೋಲಾರ್ ನೆನಪಾಗುತ್ತದೆ. ಮಧ್ಯಾಹ್ನ ಬೆಲೆ ಮಲಗುತ್ತದೆ, ಸೂರ್ಯ ಮುಳುಗಿದ ಮೇಲೆ ಎದ್ದು ಕೂರುತ್ತದೆ. ಬೇಡಿಕೆ ಬಿಗಿಯಾದ ದಿನಗಳಲ್ಲಿ ಸೀದಾ 10 ರೂಪಾಯಿಗೆ ತಲೆ ತಾಗಿಸಿ ನಿಲ್ಲುತ್ತದೆ. ಅದು ಸಿಇಆರ್‌ಸಿ (ಕೇಂದ್ರದ ವಿದ್ಯುತ್ ಆಯೋಗ) ಹಾಕಿದ ಮಿತಿ. 2022ರ ಮಾರ್ಚ್‌ವರೆಗೂ ಮಿತಿ 20 ರೂಪಾಯಿ ಇತ್ತು. ಆ ತಿಂಗಳು ಬೆಲೆ ಅಲ್ಲಿಗೂ ಮುಟ್ಟಿದ್ದರಿಂದ ಏಪ್ರಿಲ್‌ನಲ್ಲಿ 12ಕ್ಕೆ ಇಳಿಸಿದರು, ಮರುವರ್ಷ 10ಕ್ಕೆ.

ಎರಡು ತಪ್ಪು ಮಾಡಿಕೊಂಡೆ. ಒಂದು, ನನ್ನ ಗೆರೆಯಲ್ಲಿ ಸಂಜೆಯ ಏರು ಕಾಲು ಗಂಟೆ ಮೊದಲೇ ಬರುತ್ತಿತ್ತು. ಎರಡು ಸಂಜೆ ತಲೆ ಕೆಡಿಸಿಕೊಂಡೆ. ಆಮೇಲೆ ಅಕ್ಕನ ಮಗಳಿಗೆ ಫೋನ್ ಮಾಡಿದರೆ ನಕ್ಕಳು. "ಮಾಮ, ಪೈಥಾನ್ ಸೊನ್ನೆಯಿಂದ ಎಣಿಸುತ್ತೆ. ಸಂಜೆ ಆರಕ್ಕೆ ಶುರುವಾಗೋ ತುಂಡು ನಿಮಗೆ 73, ಅದಕ್ಕೆ 72." ಅಷ್ಟೇ ವಿಷಯ.

ಇನ್ನೊಂದು, ಇಡೀ ದೇಶದ ಬೆಲೆಯನ್ನು ನಮ್ಮ ಬೆಲೆ ಅಂದುಕೊಂಡಿದ್ದೆ. ಕರ್ನಾಟಕ, ಆಂಧ್ರ, ತೆಲಂಗಾಣ ಸೇರಿ 'ಎಸ್1' ಅನ್ನುವ ಒಂದು ವಲಯ ಇದೆ. ಲೈನು ತುಂಬಿ ಉತ್ತರದ ಕರೆಂಟು ಇಳಿಯದಿದ್ದರೆ ಇಲ್ಲಿನ ಬೆಲೆ ಬೇರೆಯಾಗುತ್ತದೆ. ಮುಂಚೆ ಇದು ಪದೇ ಪದೇ ಆಗುತ್ತಿತ್ತು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕೆವಿ ಲೈನಿನಿಂದ ದಕ್ಷಿಣದ ಗ್ರಿಡ್ ಉಳಿದ ದೇಶದ ಜತೆ ಒಂದಾಯಿತು. ರಾಯಚೂರು ಅಂದರೆ ಶಾಖೋತ್ಪನ್ನ ಸ್ಥಾವರ ಅಂತಷ್ಟೇ ಗೊತ್ತಿತ್ತು ನನಗೆ. ಈಗ ಎಸ್1ರ ಕಾಲಂ ಬೇರೆಯೇ ಇಟ್ಟಿದ್ದೇನೆ.

ನಾಲ್ಕನೇ ವಾರ

ಸಿಕ್ಕಿಹಾಕಿಕೊಂಡದ್ದು ಇಲ್ಲಿ. ಸಂತೆಯಲ್ಲಿ ಟೊಮೆಟೊ ಬೆಲೆ ಬೋರ್ಡಿನಲ್ಲಿ ಬರೆದಿದೆ, ಸರಿ. ಆದರೆ ನಮ್ಮ ಮನೆಯವರು ಯಾವ ಹೊತ್ತಿಗೆ ಹೋಗಿ ಎಷ್ಟು ಕೆಜಿ ತಂದರು ಅಂತ ಗೊತ್ತಾಗದೆ ಖರ್ಚು ಜಾಸ್ತಿಯೋ ಕಮ್ಮಿಯೋ ಹೇಳುವುದು ಹೇಗೆ? ಬೆಲೆ ಎಲ್ಲರಿಗೂ ಕಾಣುತ್ತದೆ. ನಮಗೆ ಕರೆಂಟು ಹಂಚುವ ಕಂಪನಿ ಎಸ್ಕಾಂನ ಹೆಸರಿನಲ್ಲಿ ಯಾವ ತುಂಡಿನಲ್ಲಿ ಎಷ್ಟು ಖರೀದಿ ಆಯಿತು ಅನ್ನುವುದು ಕಾಣುವುದಿಲ್ಲ.

ದರ ಅರ್ಜಿಯ ಜತೆ ಬರುವ ಡಿ-1 ನಮೂನೆಯಲ್ಲಿ ಖರೀದಿಯ ಪಟ್ಟಿ ಇದೆ. ನಾನು ಹುಡುಕುತ್ತಿರುವುದು ಅಲ್ಲಿ ಒಂದು ಸಾಲಿನಲ್ಲಿ ಮುಗಿದುಹೋಗಿದೆ. ಇಷ್ಟು ಯೂನಿಟ್, ಇಷ್ಟು ಕೋಟಿ, ಸರಾಸರಿ ಇಷ್ಟು. ಈ ಸರಾಸರಿ ಅನ್ನುವುದು ಬಲು ಮೋಸಗಾರ. ಉದಾಹರಣೆಗೆ, ಮಧ್ಯಾಹ್ನ 3 ರೂಪಾಯಿಗೆ 100 ಯೂನಿಟ್, ಸಂಜೆ 10 ರೂಪಾಯಿಗೆ 300 ಯೂನಿಟ್ ತಂದರು ಅನ್ನಿ. ಬೆಲೆಗಳ ಸರಾಸರಿ ಆರೂವರೆ, ನಿಜವಾಗಿ ಬಿದ್ದದ್ದು 8 ರೂಪಾಯಿ 25 ಪೈಸೆ. ಸಂಜೆಗೆ ಬೇಕಾಗುತ್ತದೆ ಅಂತ ಮೊದಲೇ ಗೊತ್ತಿದ್ದರೆ ಮುಂಗಡ ಒಪ್ಪಂದ ಮಾಡಿಕೊಳ್ಳಬಹುದಿತ್ತೇ ಅನ್ನುವುದು ನನ್ನ ಪ್ರಶ್ನೆ. ಸರಾಸರಿ ಅದನ್ನು ನುಂಗಿಬಿಡುತ್ತದೆ. ಮಳೆ ಕೈಕೊಟ್ಟ 2023ರಂಥ ವರ್ಷದಲ್ಲಿ ಹೊರಗಿಂದ ತರಲೇಬೇಕು, ಅದನ್ನೂ ಒಪ್ಪುತ್ತೇನೆ. ಆದರೆ ಒಪ್ಪುವುದಕ್ಕೂ ಲೆಕ್ಕ ಬೇಕಲ್ವಾ?

ಐದನೇ ವಾರ

ಮಾಹಿತಿ ಹಕ್ಕಿನ ಅರ್ಜಿ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್. ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ ಒಂದೇ ವಿಷಯಕ್ಕಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ನನ್ನದು 190 ಆಗಿತ್ತು. ಆಗ ಹೈಸ್ಕೂಲಿನ ಕನ್ನಡ ಮೇಷ್ಟ್ರು ಕೈಹಿಡಿದರು. ಸಂಧಿ, ಸಮಾಸ ಎಲ್ಲ ಮಾಡಿ ಕೂಡಿಸುತ್ತಾ ಹೋದೆ. 'ಹದಿನೈದು ನಿಮಿಷದ ಬ್ಲಾಕ್ ವಾರು ಖರೀದಿ ವಿವರ' ಆರು ಪದ. 'ಬ್ಲಾಕ್‌ವಾರುಖರೀದಿವಿವರ' ಒಂದೇ ಪದ. ಅರಿಸಮಾಸ ಅಂತ ಮೇಷ್ಟ್ರು ಕಿವಿ ಹಿಂಡುತ್ತಿದ್ದರು ಬಿಡಿ. 148ಕ್ಕೆ ನಿಲ್ಲಿಸಿ ರಿಜಿಸ್ಟರ್ಡ್ ಪೋಸ್ಟ್ ಮಾಡಿದೆ.

ಆರು, ಏಳು, ಎಂಟನೇ ವಾರ

ಕಾಯುವುದೇ ಕೆಲಸ. ಬಿಡುವಿನಲ್ಲಿ ದಕ್ಷಿಣ ವಲಯದ ಲೋಡ್ ಡಿಸ್‌ಪ್ಯಾಚ್ ಸೆಂಟರಿನ (ಗ್ರಿಡ್ಡಿನ ಮೇಲೆ ಕಣ್ಣಿಟ್ಟು ನಡೆಸುವ ಕಚೇರಿ) ದಿನದ ವರದಿಗಳನ್ನು ಕೂಡಿಟ್ಟೆ. ಅದರಲ್ಲಿ ರಾಜ್ಯದ ಸಂಜೆಯ ಬೇಡಿಕೆ, ದಿನದ ಒಟ್ಟು ಬಳಕೆ ಸಿಗುತ್ತದೆ. ಐದು ಎಸ್ಕಾಂಗಳ ಪಾಲು ಬೇರೆ ಬೇರೆಯಾಗಿ ಸಿಗುವುದಿಲ್ಲ.

ಒಂಬತ್ತನೇ ವಾರ

ಉತ್ತರ ಬಂತು. ಕಚೇರಿಯ ಹೆಸರು ಬೇಡ. ಎರಡು ಹಾಳೆ, ಸ್ಕ್ಯಾನ್ ಮಾಡಿದವರ ಬೆರಳು ಮೂಲೆಯಲ್ಲಿ ಕಪ್ಪಗೆ ಬಿದ್ದಿದೆ. ಮೊದಲ ಹಾಳೆಯಲ್ಲಿ ತಿಂಗಳ ಮೊತ್ತಗಳು. ಅವು ನನ್ನ ಹತ್ತಿರ ಆಗಲೇ ಇವೆ. ಎರಡನೇ ಹಾಳೆಯಲ್ಲಿ ಒಂದೇ ವಾಕ್ಯ: ತುಂಡುವಾರು ವಿವರ ವಾಣಿಜ್ಯ ಗೌಪ್ಯತೆ, ಮಾಹಿತಿ ಹಕ್ಕು ಕಾಯ್ದೆಯ ಕಲಂ 8(1)(ಡಿ) ಪ್ರಕಾರ ಕೊಡಲಾಗದು.

ನಾಳೆ ಎಷ್ಟಕ್ಕೆ ಕೂಗುತ್ತೀರಿ ಅಂತ ನಾನು ಕೇಳಿದ್ದರೆ ಗೌಪ್ಯ ಅನ್ನಲಿ. ಎದುರಿಗೆ ಮಾರುವವನಿಗೆ ತಿಳಿದರೆ ನಮಗೇ ನಷ್ಟ. ನಾನು ಕೇಳಿದ್ದು ಹೋದ ವರ್ಷದ ಸಂತೆಯ ಲೆಕ್ಕ. ಆಸ್ಟ್ರೇಲಿಯಾದಲ್ಲಿ ಯಾವ ಸ್ಥಾವರ ಎಷ್ಟಕ್ಕೆ ಕೂಗಿತು ಅನ್ನುವುದನ್ನು ಹೆಸರು ಸಮೇತ ಮರುದಿನವೇ ಹಾಕುತ್ತಾರೆ. ಅಮೆರಿಕದ ಟೆಕ್ಸಾಸ್‌ನಲ್ಲಿ 60 ದಿನ ಬಿಟ್ಟು ಹಾಕುತ್ತಾರೆ. ಅಲ್ಲಿನ ಸಂತೆ ಇದರಿಂದ ಮುಚ್ಚಿಹೋಗಿಲ್ಲ.

ಹತ್ತನೇ ವಾರ

ಮೊದಲ ಮೇಲ್ಮನವಿಗೆ 30 ದಿನ ಸಮಯ ಇದೆ. ಕರಡು ಒಂದೂವರೆ ಪುಟ ಆಗಿದೆ. ಮೂರು ಮಾತು ಇಟ್ಟಿದ್ದೇನೆ. ಹರಾಜು ಮುಗಿದು ದುಡ್ಡೂ ಕೊಟ್ಟಾಗಿದೆ. ದೊಡ್ಡ ಸಾರ್ವಜನಿಕ ಹಿತ ಇದ್ದರೆ ಕೊಡಬಹುದು ಅಂತ ಅದೇ 8(1)(ಡಿ) ಹೇಳುತ್ತದೆ. ಆಯೋಗ ಪಾರದರ್ಶಕವಾಗಿ ನಡೆಯಬೇಕು ಅಂತ 2003ರ ವಿದ್ಯುತ್ ಕಾಯ್ದೆಯ ಕಲಂ 86(3) ಇದೆ, ಲೆಕ್ಕ ಅದರ ಮುಂದೆ ಬರುವುದೇ ಅಲ್ಲವೇ. ಬೇಡಿಕೆಯನ್ನೂ ಸ್ವಲ್ಪ ಇಳಿಸಿದ್ದೇನೆ: ಇಡೀ ವರ್ಷ ಬೇಡ, ಮಾರ್ಚ್ ಒಂದೇ ತಿಂಗಳು, ಸಂಜೆ ಆರರಿಂದ ಹತ್ತರವರೆಗಿನ 16 ತುಂಡು.

ಆಯೋಗಕ್ಕೆ ಹಾಕುವ ಆಕ್ಷೇಪಣೆಯಲ್ಲೂ ಇದನ್ನೇ ಕೇಳುತ್ತೇನೆ, ಡಿ-1ರ ಆ ಒಂದು ಸಾಲನ್ನು ಬಿಡಿಸಿ ಕೊಡಿಸಿ ಅಂತ. ಅದಕ್ಕೆ ಪ್ರಮಾಣಪತ್ರ ಬೇಕು, ನೋಟರಿ ಸೋಮವಾರ ಸಿಗುತ್ತಾರೆ. ಮಾರ್ಚ್‌ನ ಎಸ್1 ಬೆಲೆಯ ಕಾಲಂ ತುಂಬಿಸಿದ್ದಾಗಿದೆ, 31 ದಿನಕ್ಕೆ 496 ಸಾಲು. ಪಕ್ಕದ ಕಾಲಂಗೆ 'ಖರೀದಿ' ಅಂತ ಹೆಸರು ಬರೆದು ಖಾಲಿ ಬಿಟ್ಟಿದ್ದೇನೆ.