ತನಾನಾ ದಂಡೆಯ ಸ್ಪ್ರೂಸ್ ಮರಗಳ ನಡುವೆ

ಅಲಾಸ್ಕಾದ ಫೇರ್‌ಬ್ಯಾಂಕ್ಸ್‌ನಿಂದ ನೈರುತ್ಯಕ್ಕೆ ನಾವು ಹೊರಟಾಗ ಶೂನ್ಯಕ್ಕಿಂತ 11 ಡಿಗ್ರಿ ಕೆಳಗಿನ ಚಳಿ. ಏಪ್ರಿಲ್ ಮೊದಲ ವಾರವಾದರೂ ತನಾನಾ ನದಿ ಹೆಪ್ಪುಗಟ್ಟಿಯೇ ಇತ್ತು. ಬೊನಾಂಜಾ ಕ್ರೀಕ್ ಪ್ರಾಯೋಗಿಕ ಅರಣ್ಯವನ್ನು ಕಾಣಬೇಕೆಂಬುದು ನನ್ನ ಬಹುಕಾಲದ ಆಸೆ. 1988ರ ಮಾರ್ಚ್‌ನಲ್ಲಿ ರೇಡಾರ್ ಹೊತ್ತ ವಿಮಾನವೊಂದು ಇದರ ಮೇಲೆ ಹಲವು ದಿನ ಹಾರಿತ್ತು. ಕೆಲವು ದಿನ ಅಕಾಲದ ಬೆಚ್ಚನೆ ಹವೆ, ಕೆಲವು ದಿನ ಕೊರೆಯುವ ಚಳಿ. ಮರಗಳು ಅವೇ, ಕೊಂಬೆಗಳು ಅವೇ. ಆದರೂ ಚಳಿಯ ದಿನದ ಚಿತ್ರಗಳಲ್ಲಿ ಕಾಡು ಮಂಕಾಗಿತ್ತು.

ಏಕೆಂದರೆ ಮರದಿಂದ ಮರಳುವ ರೇಡಾರ್ ಅಲೆ ಬಹುಮಟ್ಟಿಗೆ ಅದರೊಳಗಿನ ನೀರನ್ನು ಅವಲಂಬಿಸಿದೆ. ದ್ರವ ನೀರಿನ ಅಣುಗಳು ಅಲೆಯ ವಿದ್ಯುತ್ ಕ್ಷೇತ್ರಕ್ಕೆ ತಕ್ಕಂತೆ ಹೊರಳುತ್ತವೆ, ಮಂಜುಗಡ್ಡೆಯಲ್ಲಿ ಅವು ಬಿಗಿದುಕೊಂಡಿರುತ್ತವೆ. ವಸ್ತುವೊಂದು ವಿದ್ಯುತ್ ಕ್ಷೇತ್ರಕ್ಕೆ ಎಷ್ಟು ಸ್ಪಂದಿಸುತ್ತದೆ ಎಂಬುದರ ಅಳತೆಯಾದ ಡೈಎಲೆಕ್ಟ್ರಿಕ್ ಸ್ಥಿರಾಂಕ ನೀರಿಗೆ ಸುಮಾರು 80, ಮಂಜುಗಡ್ಡೆಗೆ ಬರೀ 3ರ ಆಸುಪಾಸು.

ಇದನ್ನೆಲ್ಲ ಓದಿ ತಿಳಿದಿದ್ದೆ. ಕೈಗೆ ತಿಳಿದದ್ದು ಅಂದೇ. ಜೊತೆಗಿದ್ದ ಸಂಶೋಧಕಿ ಮರದ ಉಂಗುರ ಎಣಿಸಲು ಬಳಸುವ ಟೊಳ್ಳು ಬೈರಿಗೆಯನ್ನು ಕೊಟ್ಟು, ಬಿಳಿ ಸ್ಪ್ರೂಸ್ ಒಂದನ್ನು ತೋರಿಸಿದರು. ಮೈಭಾರವನ್ನೆಲ್ಲ ಹಾಕಿದರೂ ಬೈರಿಗೆ ಒಂದು ಬೆರಳಿನಷ್ಟು ಇಳಿಯಲಿಲ್ಲ. "ಮಧ್ಯಾಹ್ನ ಮತ್ತೆ ಬನ್ನಿ," ಎಂದರು.

ಅಲ್ಲಿಯವರೆಗೆ ಕಪ್ಪು ಸ್ಪ್ರೂಸ್‌ಗಳ ಜೌಗಿನತ್ತ ನಡೆದೆವು. ಅಡಿಯಲ್ಲಿ ಸದಾ ಹೆಪ್ಪುಗಟ್ಟಿರುವ ನೆಲ; ಅದು ಅಲ್ಲಲ್ಲಿ ಕರಗಿ ಕುಸಿದು ಮರಗಳು ದಿಕ್ಕಿಗೊಂದರಂತೆ ವಾಲಿವೆ. ನನ್ನ ಮಣಿಕಟ್ಟಿನಷ್ಟೇ ದಪ್ಪದ ಮರಗಳಿಗೂ ವಯಸ್ಸು ಬಹಳ. ಕಾಡಿನೊಳಗೆ ರೇಡಾರ್ ಎಷ್ಟು ಆಳ ಇಳಿಯುತ್ತದೆ ಎಂಬುದು ಅಲೆಯ ಉದ್ದವನ್ನೂ ಅವಲಂಬಿಸಿದೆ. ಯುರೋಪಿನ ರೇಡಾರ್ ಉಪಗ್ರಹ ಸೆಂಟಿನೆಲ್-1ರ 5.6 ಸೆಂಟಿಮೀಟರ್ ಅಲೆ ದಟ್ಟ ಕಾಡಿನಲ್ಲಿ ಹೆಚ್ಚಾಗಿ ಸೂಜಿ ಎಲೆಗಳಲ್ಲೂ ಕಿರುಕೊಂಬೆಗಳಲ್ಲೂ ಚದುರಿಬಿಡುತ್ತದೆ. 24 ಸೆಂಟಿಮೀಟರ್ ಅಲೆಯಾದರೆ ಕಾಂಡದವರೆಗೆ ಇಳಿದು, ನೆಲಕ್ಕೂ ಕಾಂಡಕ್ಕೂ ಬಡಿದು ಮರಳಬಲ್ಲದು. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ, ಇಸ್ರೋ ಮತ್ತು ನಾಸಾ ಜೊತೆಗೂಡಿ ಕಟ್ಟಿದ ನಿಸಾರ್ ಉಪಗ್ರಹದಲ್ಲಿರುವ ಎರಡು ರೇಡಾರ್‌ಗಳಲ್ಲಿ ಒಂದರದು ಈ ಉದ್ದದ ಅಲೆಯೇ. ಮೋಡವಾಗಲಿ, ಉತ್ತರದ ದೀರ್ಘ ಇರುಳಾಗಲಿ ಅದಕ್ಕೆ ಅಡ್ಡಿಯಲ್ಲ.

ಮಧ್ಯಾಹ್ನ ಎರಡಕ್ಕೆ ಶೂನ್ಯದ ಮೇಲೆ 5 ಡಿಗ್ರಿ. ಅದೇ ಮರಕ್ಕೆ ಬೈರಿಗೆ ಸಲೀಸಾಗಿ ಇಳಿಯಿತು. ಎಳೆದು ತೆಗೆದ ಕಡ್ಡಿ ಒದ್ದೆಯಾಗಿತ್ತು, ರಾಳದ ಘಮ ಕೈಗೆ ಹತ್ತಿತು. ಆರು ಗಂಟೆಗಳಲ್ಲಿ ಮರ ಒಂದು ಗ್ರಾಮಿನಷ್ಟೂ ಬೆಳೆದಿರಲಾರದು, ಆದರೆ ಈಗ ಅದು ರೇಡಾರ್‌ಗೆ ಹೆಚ್ಚು ಹೊಳೆಯುತ್ತದೆ. ರೇಡಾರ್ ಚಿತ್ರದ ಹೊಳಪಿನಿಂದ ಕಾಡಿನ ಮರಗಳ ತೂಕವನ್ನು ಅಂದಾಜಿಸುವುದುಂಟು; ಆ ಹೊತ್ತಿನ ಹವೆ ತಿಳಿಯದೆ ಹೊಳಪಿನಿಂದಲೇ ಕಾಡಿನ ತೂಕ ಹೇಳಹೊರಟರೆ ಲೆಕ್ಕ ತಪ್ಪುತ್ತದೆ.

ಸಂಶೋಧಕಿ ಕಡ್ಡಿಯನ್ನು ಕಾಗದದ ಕೊಳವೆಗೆ ಸೇರಿಸಿದರು. ಮೇಲೆ ಮರದ ಸಂಖ್ಯೆ, ಸುತ್ತಳತೆ, ಗಂಟೆ ಬರೆದು, ಕೊನೆಗೆ ಉಷ್ಣತಾಮಾಪಕವನ್ನು ಮತ್ತೊಮ್ಮೆ ನೋಡಿ ಆ ಅಂಕಿಯನ್ನೂ ಸೇರಿಸಿದರು.