ಯಂತ್ರವನ್ನು ಮೈಗೂಡಿಸಿಕೊಳ್ಳುವ ದೇಹ

12 ಅಕ್ಟೋಬರ್ 2025, ಭಾನುವಾರ

ಮನುಷ್ಯ ಬರೀ ಒಂದು ಜೈವಿಕ ಯಂತ್ರವೇ, ಹಾಗಿದ್ದರೆ ಮುಂದೊಂದು ದಿನ ಅವನು ತಂತ್ರಜ್ಞಾನದೊಡನೆ ಬೆಸೆದು ಒಂದೇ ಆಗಿಬಿಡಬಹುದೇ ಎಂಬ ಪ್ರಶ್ನೆ ಕೆಲವು ವಾರಗಳಿಂದ ನನ್ನನ್ನು ಬಿಡದೆ ಕಾಡುತ್ತಿದೆ. ಈ ಬಗ್ಗೆ ಮಾತಾಡುವವರು ಸಾಮಾನ್ಯವಾಗಿ ಎರಡು ಪಕ್ಷವಾಗುತ್ತಾರೆ. ದೇಹವೂ ಯಂತ್ರ, ಕಂಪ್ಯೂಟರೂ ಯಂತ್ರ, ಹಾಗಾಗಿ ಎರಡನ್ನೂ ಜೋಡಿಸಲು ತಾತ್ವಿಕವಾಗಿ ಅಡ್ಡಿಯೇನಿಲ್ಲ ಎನ್ನುವವರು ಕೆಲವರು. ಮನುಷ್ಯನನ್ನು ಯಂತ್ರವೆಂದು ಕರೆಯುವುದೇ ಅವನನ್ನು ಕೀಳುಗಳೆದಂತೆ, ಈ ಬೆಸುಗೆ ಎಂದೂ ಆಗದು ಎನ್ನುವವರು ಇನ್ನು ಕೆಲವರು. ಇವತ್ತು ಬಿಡುವಿನಲ್ಲಿ ಕುಳಿತು, ಇಷ್ಟು ದಿನ ಓದಿದ್ದನ್ನೆಲ್ಲ ಒಟ್ಟಿಗೆ ಇಟ್ಟುಕೊಂಡು ಯೋಚಿಸಿದಾಗ, ಇಬ್ಬರೂ ಒಂದು ಮುಖ್ಯ ಸಂಗತಿಯನ್ನು ಗಮನಿಸಿಲ್ಲವೆಂದು ನನಗೆ ಅನ್ನಿಸಿತು. ಇದುವರೆಗೆ ದೇಹಕ್ಕೆ ಯಂತ್ರವನ್ನು ಅಳವಡಿಸಿದ ಕಡೆಯಲ್ಲೆಲ್ಲ ಬೆಸೆಯುವ ಕೆಲಸದ ಬಹುಪಾಲನ್ನು ಮಾಡಿರುವುದು ದೇಹವೇ ಹೊರತು ಯಂತ್ರವಲ್ಲ.

ದೇಹವನ್ನು ಯಂತ್ರದಂತೆ ನೋಡುವುದು ಅವಮಾನವೆಂಬ ಮಾತನ್ನು ನಾನು ಒಪ್ಪುವುದಿಲ್ಲ. 1628ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ ರಕ್ತವು ದೇಹದಾದ್ಯಂತ ಸುತ್ತಿ ಮತ್ತೆ ಹೃದಯಕ್ಕೇ ಮರಳುತ್ತದೆಂದು ತೋರಿಸಿದ ಮೇಲೆ ಹೃದಯವನ್ನು ಒಂದು ಪಂಪಿನಂತೆ ಅರ್ಥಮಾಡಿಕೊಳ್ಳುವುದು ಸಾಧ್ಯವಾಯಿತು. ಇಂದು ಹೃದಯದ ಕವಾಟವನ್ನು ಬದಲಿಸುವ ಶಸ್ತ್ರಚಿಕಿತ್ಸೆಯ ಹಿಂದೆ ಇರುವುದೂ ಅದೇ ತಿಳಿವಳಿಕೆ. ಅದೇ ಶತಮಾನದಲ್ಲಿ ಫ್ರೆಂಚ್ ತತ್ವಜ್ಞಾನಿ ಡೇಕಾರ್ಟ್ ಪ್ರಾಣಿಗಳನ್ನೆಲ್ಲ ಯಂತ್ರಗಳೆಂದು ಬಗೆದು ಮನುಷ್ಯನ ಆತ್ಮವನ್ನು ಮಾತ್ರ ಆ ಲೆಕ್ಕದಿಂದ ಹೊರಗಿಟ್ಟರು. 1747ರಲ್ಲಿ ಫ್ರೆಂಚ್ ವೈದ್ಯ ಲಾ ಮೆಟ್ರಿ ಆ ವಿನಾಯಿತಿಯನ್ನೂ ಕಿತ್ತುಹಾಕಿ, ಯೋಚನೆಯೂ ದೇಹದ ಕೆಲಸವೇ ಎಂದು ವಾದಿಸಿದರು; ಆ ತಪ್ಪಿಗೆ ಅವರು ತಾವು ಆಶ್ರಯ ಪಡೆದಿದ್ದ ಹಾಲೆಂಡನ್ನೂ ಬಿಟ್ಟು ಬರ್ಲಿನ್ನಿಗೆ ಹೋಗಬೇಕಾಯಿತು. 1952ರಲ್ಲಿ ಹಾಜ್ಕಿನ್ ಮತ್ತು ಹಕ್ಸ್ಲಿ ಎಂಬ ಇಬ್ಬರು ವಿಜ್ಞಾನಿಗಳು ಸ್ಕ್ವಿಡ್ ಎಂಬ ಕಡಲಜೀವಿಯ ದಪ್ಪ ನರತಂತುವನ್ನು ಹಿಡಿದು, ನರದೊಳಗೆ ಸಂಕೇತ ಹರಿಯುವುದೆಂದರೆ ಸೋಡಿಯಂ ಒಳನುಗ್ಗಿ ಪೊಟ್ಯಾಸಿಯಂ ಹೊರಬರುವುದೆಂದು ಗಣಿತದ ಸಮೀಕರಣಗಳಲ್ಲೇ ಬರೆದಿಟ್ಟರು. ನೋವು, ನೆನಪು, ಪ್ರೀತಿ ಎಲ್ಲವೂ ಇಂಥ ಸಂಕೇತಗಳನ್ನು ಬಿಟ್ಟು ನಡೆಯುವುದಿಲ್ಲವೆಂದು ತಿಳಿದಾಗ ನನಗೆ ಆದದ್ದು ಬೆರಗೇ ವಿನಾ ಬೇಸರವಲ್ಲ.

ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಎಟಿಪಿ ಸಿಂಥೇಸ್ ಎಂಬ ಪ್ರೋಟೀನು. ಜೀವಕೋಶಗಳಿಗೆ ಬೇಕಾದ ಶಕ್ತಿಯನ್ನು ಎಟಿಪಿ ಎಂಬ ಅಣುವಿನ ರೂಪದಲ್ಲಿ ಸಿದ್ಧಪಡಿಸುವ ಈ ಪ್ರೋಟೀನು ಅಕ್ಷರಶಃ ತಿರುಗುವ ಮೋಟರು. ಜೀವಕೋಶದೊಳಗಿನ ತೆಳು ಪೊರೆಯ ಒಂದು ಬದಿಯಿಂದ ಇನ್ನೊಂದು ಬದಿಗೆ ಪ್ರೋಟಾನುಗಳು ನುಗ್ಗುವ ರಭಸಕ್ಕೆ ಅದರ ನಡುವಿನ ದಂಡ ತಿರುಗುತ್ತದೆ, ಒಂದು ಸುತ್ತಿಗೆ ಮೂರು ಎಟಿಪಿ ಅಣುಗಳು ಹೊರಬರುತ್ತವೆ. 1997ರಲ್ಲಿ ಜಪಾನಿನ ವಿಜ್ಞಾನಿಗಳು ಇದರ ಒಂದು ಭಾಗವನ್ನು ಗಾಜಿನ ಮೇಲೆ ಅಂಟಿಸಿ, ದಂಡದ ತುದಿಗೆ ಹೊಳೆಯುವ ಒಂದು ನಾರಿನೆಳೆಯನ್ನು ಕಟ್ಟಿ, ಎಟಿಪಿಯನ್ನು ಉಣಿಸಿ ಮೋಟರನ್ನು ಹಿಮ್ಮುಖವಾಗಿ ನಡೆಸಿದರು. ಆ ಎಳೆ ಒಂದೇ ದಿಕ್ಕಿನಲ್ಲಿ ಸುತ್ತುತ್ತಿರುವುದು ಸೂಕ್ಷ್ಮದರ್ಶಕದಲ್ಲಿ ಕಣ್ಣಿಗೇ ಕಂಡಿತು. ನಮ್ಮ ದೇಹ ದಿನವೊಂದಕ್ಕೆ ಒಡೆದು ಮತ್ತೆ ಕಟ್ಟುವ ಎಟಿಪಿಯನ್ನೆಲ್ಲ ಕೂಡಿಸಿದರೆ ಅದು ಹೆಚ್ಚುಕಡಿಮೆ ನಮ್ಮ ತೂಕದಷ್ಟೇ ಆಗುತ್ತದೆ. ಇದನ್ನು ಯಂತ್ರವೆನ್ನದೆ ಬೇರೇನೆಂದು ಕರೆಯಲಿ?

ಆದರೆ ಇದೇ ಮೋಟರು ವಾದದ ಇನ್ನೊಂದು ಮಗ್ಗುಲನ್ನೂ ತೋರಿಸುತ್ತದೆ. ಈ ಮೋಟರನ್ನು ತಯಾರಿಸಿದ್ದು ಜೀವಕೋಶ. ತಯಾರಿಸಲು ಬೇಕಾದ ಶಕ್ತಿ ಬಂದದ್ದು ಅಂಥದೇ ಮೋಟರುಗಳಿಂದ. ಅವು ಹಳತಾದಾಗ ಕಳಚಿ, ಬಿಡಿಭಾಗಗಳನ್ನು ಮರುಬಳಕೆ ಮಾಡುವುದೂ ಅದೇ ಜೀವಕೋಶ. ಗಡಿಯಾರದ ಒಂದು ಚಕ್ರ ಇನ್ನೊಂದನ್ನು ತಿರುಗಿಸಬಲ್ಲದು, ಆದರೆ ಹುಟ್ಟಿಸಲಾರದು ಎಂದು ಜರ್ಮನ್ ತತ್ವಜ್ಞಾನಿ ಕಾಂಟ್ 1790ರಲ್ಲೇ ಹೇಳಿದ್ದರು. ಜೀವಿಯಲ್ಲಿ ಮಾತ್ರ ಭಾಗಗಳು ಒಂದನ್ನೊಂದು ಹುಟ್ಟಿಸುತ್ತ, ಸಲಹುತ್ತ ಇರುತ್ತವೆ. ನಮ್ಮ ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ, ಕರುಳಿನ ಒಳಪದರದ ಕೋಶಗಳದ್ದು ಕೆಲವೇ ದಿನ. ಮಿದುಳಿನ ಹೊರಪದರದ ನರಕೋಶಗಳು ಜೀವಮಾನವಿಡೀ ಉಳಿಯುತ್ತವೆ, ಆದರೆ ಅವುಗಳೊಳಗಿನ ಪ್ರೋಟೀನುಗಳು ಬದಲಾಗುತ್ತಲೇ ಇರುತ್ತವೆ. ಕೆಲಸ ನಿಲ್ಲಿಸಿದ ಕಾರು ಶೆಡ್ಡಿನಲ್ಲಿ ವರ್ಷಗಟ್ಟಲೆ ಕಾರಾಗಿಯೇ ಉಳಿಯಬಹುದು, ಆದರೆ ದೇಹಕ್ಕೆ ಆ ಸೌಕರ್ಯವಿಲ್ಲ. ತನ್ನನ್ನು ತಾನು ಕಟ್ಟಿಕೊಳ್ಳುವ ಕೆಲಸ ನಿಂತ ಕೆಲವೇ ನಿಮಿಷಗಳಲ್ಲಿ ಅದು ಬಿಚ್ಚಿಹೋಗತೊಡಗುತ್ತದೆ. ದೇಹದ ಪ್ರತಿಯೊಂದು ಅಂಗದ ಕೆಲಸವೂ ಯಾಂತ್ರಿಕವೇ ಇರಬಹುದು, ಆದರೆ ಆ ಕೆಲಸಗಳೆಲ್ಲ ನಡೆಯುತ್ತಿರುವುದು ದೇಹ ಉಳಿಯಲೆಂದೇ. ಇಂಥ ಸ್ವಂತ ಹಿತವಿರುವ ಯಂತ್ರವನ್ನು ಮನುಷ್ಯರು ಇನ್ನೂ ಕಟ್ಟಿಲ್ಲ.

ಇನ್ನು ಬೆಸುಗೆಯ ಮಾತು. 1958ರ ಅಕ್ಟೋಬರಿನಲ್ಲಿ ಸ್ಟಾಕ್‌ಹೋಮಿನಲ್ಲಿ ಆರ್ನೆ ಲಾರ್ಸನ್ ಎಂಬವರ ದೇಹದೊಳಗೆ ಮೊದಲ ಬಾರಿಗೆ ಪೂರ್ತಿಯಾಗಿ ಒಳಗೇ ಇರುವ ಪೇಸ್‌ಮೇಕರನ್ನು ಅಳವಡಿಸಿದರು. ಅದು ಕೆಲವೇ ಗಂಟೆಗಳಲ್ಲಿ ಕೆಟ್ಟಿತು, ಬದಲಿ ಸಾಧನವನ್ನು ಹಾಕಿದರು. ಹೀಗೆ ಇಪ್ಪತ್ತಕ್ಕೂ ಹೆಚ್ಚು ಸಾಧನಗಳನ್ನು ಒಂದಾದಮೇಲೊಂದು ಧರಿಸಿ ಬದುಕಿದ ಲಾರ್ಸನ್, ಅದನ್ನು ರೂಪಿಸಿದ ಎಂಜಿನಿಯರ್ ಎಲ್ಮ್‌ಕ್ವಿಸ್ಟ್ ಮತ್ತು ಅಳವಡಿಸಿದ ಶಸ್ತ್ರವೈದ್ಯ ಸೆನಿಂಗ್ ಇಬ್ಬರೂ ತೀರಿಕೊಂಡ ಮೇಲೂ ಉಳಿದಿದ್ದು 2001ರಲ್ಲಿ ನಿಧನರಾದರು. ನಮ್ಮ ದೊಡ್ಡಪ್ಪನಿಗೂ ಪೇಸ್‌ಮೇಕರ್ ಇದೆ. ಅವರ ತಪಾಸಣೆಗೆ ಜೊತೆಯಲ್ಲಿ ಹೋಗಿದ್ದಾಗ ತಂತ್ರಜ್ಞೆಯೊಬ್ಬರು ಅವರ ಎದೆಯ ಮೇಲೆ ಅಂಗೈಯಗಲದ ಒಂದು ಉಪಕರಣವನ್ನಿಟ್ಟು, ಪರದೆಯ ಮೇಲೆ ಅಲೆಗಳನ್ನು ನೋಡುತ್ತ, “ಈಗ ಸ್ವಲ್ಪ ಹೊತ್ತು ನಿಮ್ಮ ಎದೆಬಡಿತ ಜೋರಾಗುತ್ತೆ, ಗಾಬರಿ ಆಗ್ಬೇಡಿ” ಎಂದರು. ಅವರು ಗುಂಡಿಯೊಂದನ್ನು ಒತ್ತಿದ ಕೂಡಲೇ ದೊಡ್ಡಪ್ಪ ಕುರ್ಚಿಯ ಕೈಯನ್ನು ಬಿಗಿಯಾಗಿ ಹಿಡಿದುಕೊಂಡರು. ಅರ್ಧ ನಿಮಿಷದ ನಂತರ ಬಡಿತ ಮೊದಲಿನಂತಾಯಿತು. ಹೊರಗಿನವರೊಬ್ಬರು ಗುಂಡಿ ಒತ್ತಿ ಇನ್ನೊಬ್ಬರ ಹೃದಯದ ವೇಗವನ್ನು ಬದಲಿಸುವುದನ್ನು ನಾನು ನೋಡಿದ್ದು ಅದೇ ಮೊದಲು. ಹೊರಗೆ ಬಂದ ಮೇಲೆ ನಾನು ಪೇಸ್‌ಮೇಕರಿನ ಬಗ್ಗೆ ಕೇಳಿದ್ದಕ್ಕೆ ದೊಡ್ಡಪ್ಪ, “ಅದು ಇದೆ ಅಂತಾನೇ ನನಗೆ ನೆನಪಿರಲ್ಲ ಕಣೋ, ಇಲ್ಲಿಗೆ ಬಂದಾಗ ಮಾತ್ರ ನೆನಪಾಗೋದು” ಎಂದರು.

ಪೇಸ್‌ಮೇಕರಿನ ಸುತ್ತ ದೇಹ ತೆಳುವಾದ ನಾರಿನ ಹೊದಿಕೆಯೊಂದನ್ನು ಕಟ್ಟಿ ಅದಕ್ಕೊಂದು ಜಾಗ ಮಾಡಿಕೊಡುತ್ತದೆ, ಅಷ್ಟೇ. ಶಬ್ದವನ್ನು ವಿದ್ಯುತ್ ಸಂಕೇತವಾಗಿಸಿ ಕಿವುಡರ ಶ್ರವಣ ನರಕ್ಕೆ ಮುಟ್ಟಿಸುವ ಕಾಕ್ಲಿಯರ್ ಇಂಪ್ಲಾಂಟ್ ಎಂಬ ಸಾಧನದ ವಿಷಯದಲ್ಲಿ ದೇಹ ಮಾಡುವ ಕೆಲಸ ಇದಕ್ಕಿಂತ ಎಷ್ಟೋ ಪಾಲು ದೊಡ್ಡದು. ಮನುಷ್ಯನ ಒಳಗಿವಿಯಿಂದ ಮಿದುಳಿಗೆ ಹೋಗುವ ಶ್ರವಣ ನರದಲ್ಲಿ ಸುಮಾರು 30,000 ತಂತುಗಳಿವೆ. ಅವುಗಳನ್ನೆಲ್ಲ ಪ್ರಚೋದಿಸಲು ಸಾಧನದಲ್ಲಿರುವುದು ಸಾಮಾನ್ಯವಾಗಿ ಹೆಚ್ಚೆಂದರೆ ಇಪ್ಪತ್ತೆರಡು ಎಲೆಕ್ಟ್ರೋಡುಗಳು, ಅಂದರೆ ವಿದ್ಯುತ್ ಸಂಪರ್ಕದ ಸಣ್ಣ ತುದಿಗಳು. ಬೆಳೆದ ಮೇಲೆ ಕಿವುಡಾದವರು ಮೊದಲ ದಿನ ಅದನ್ನು ಹಾಕಿಕೊಂಡಾಗ ಅವರಲ್ಲಿ ಅನೇಕರಿಗೆ ಮನೆಯವರ ದನಿ ಲೋಹದ ಕಿರುಗುಟ್ಟುವಿಕೆಯಂತೆ, ಬೀಪ್ ಶಬ್ದದಂತೆ ಕೇಳಿಸುತ್ತದೆ. ತಿಂಗಳುಗಳು ಕಳೆದಂತೆ ಅದೇ ಶಬ್ದ ಮಾತಾಗುತ್ತ, ಗುರುತಿನ ದನಿಯಾಗುತ್ತ ಹೋಗುತ್ತದೆ. ಈ ನಡುವೆ ಶ್ರವಣ ತಜ್ಞರು ಸಾಧನವನ್ನು ಹೊಂದಿಸಿಕೊಡುತ್ತಾರೆ ನಿಜ, ಆದರೆ ಎಲೆಕ್ಟ್ರೋಡುಗಳು ಇಪ್ಪತ್ತೆರಡೇ. ಉಳಿದದ್ದನ್ನೆಲ್ಲ ತುಂಬಿಕೊಳ್ಳುವುದು ಮಿದುಳು. ಹುಟ್ಟಿನಿಂದಲೇ ಕಿವುಡಾದ ಮಗುವಿಗೆ ಒಂದೆರಡು ವರ್ಷದೊಳಗೆ ಇದನ್ನು ಅಳವಡಿಸಿದರೆ ಅದು ಮಾತು ಕಲಿಯುವ ಸಂಭವ ಹೆಚ್ಚು. ಏನನ್ನೂ ಕೇಳದೆ ದೊಡ್ಡವರಾದ ಮೇಲೆ ಅದೇ ಸಾಧನವನ್ನು ಅಷ್ಟೇ ಅಚ್ಚುಕಟ್ಟಾಗಿ ಅಳವಡಿಸಿದರೂ, ಶಬ್ದ ಕೇಳಿಸಿತೇ ಹೊರತು ಮಾತು ತಿಳಿಯುವುದು ಬಹಳ ಕಷ್ಟ. ಯಂತ್ರ ಒಂದೇ ಆಗಿದ್ದೂ ಫಲ ಇಷ್ಟು ಬೇರೆಯಾಗುವುದಾದರೆ ಬೆಸುಗೆ ನಡೆದದ್ದು ಎಲ್ಲಿ ಎಂಬ ಬಗ್ಗೆ ನನಗೆ ಸಂಶಯ ಉಳಿಯುವುದಿಲ್ಲ.

ಯಂತ್ರಗಳೂ ಈಗ ಕಲಿಯುತ್ತವಲ್ಲ ಎಂಬ ಆಕ್ಷೇಪವನ್ನು ನಾನು ಹಗುರಾಗಿ ತೆಗೆದುಕೊಳ್ಳಲಾರೆ. 2004ರಲ್ಲಿ ಅಮೆರಿಕದಲ್ಲಿ ಕೈಕಾಲುಗಳ ಸ್ವಾಧೀನ ತಪ್ಪಿದ್ದ ಯುವಕನೊಬ್ಬನ ಮಿದುಳಿಗೆ 96 ಎಲೆಕ್ಟ್ರೋಡುಗಳ ಬ್ರೈನ್‌ಗೇಟ್ ಚಿಪ್ಪನ್ನು ಅಳವಡಿಸಿದಾಗ, ಅವನ ನರಕೋಶಗಳ ಮಿಡಿತದಿಂದ ಅವನ ಉದ್ದೇಶವನ್ನು ಓದಿ ಪರದೆಯ ಮೇಲಿನ ಬಾಣದ ಗುರುತನ್ನು ಸರಿಸಿದ್ದು ಕಂಪ್ಯೂಟರಿನ ಲೆಕ್ಕಾಚಾರವೇ. 2024ರ ಜನವರಿಯಲ್ಲಿ ನ್ಯೂರಾಲಿಂಕ್ ಕಂಪನಿ ಮೊದಲ ಬಾರಿಗೆ ಮನುಷ್ಯನಿಗೆ ಅಳವಡಿಸಿದ ಸಾಧನದಲ್ಲಿ 1,024 ಎಲೆಕ್ಟ್ರೋಡುಗಳಿದ್ದವು. ಕೆಲವು ವಾರಗಳಲ್ಲಿ ಅದರ ಕೂದಲಿಗಿಂತ ತೆಳುವಾದ ಎಳೆಗಳಲ್ಲಿ ಹಲವು ಮಿದುಳಿನಿಂದ ಹಿಂದೆ ಸರಿದಾಗ, ಆ ನಷ್ಟವನ್ನು ತುಂಬಿಕೊಟ್ಟಿದ್ದು ತಿದ್ದಿದ ಸಾಫ್ಟ್‌ವೇರ್. ಅದೇ ವರ್ಷ, ನರಕೋಶಗಳು ಕ್ಷೀಣಿಸಿ ಸ್ನಾಯುಗಳ ಹಿಡಿತ ತಪ್ಪುವ ಎಎಲ್‌ಎಸ್ ಕಾಯಿಲೆಯಿಂದ ಮಾತು ಬಹುತೇಕ ಹೋಗಿದ್ದ ವ್ಯಕ್ತಿಯೊಬ್ಬರು ಹೇಳಲು ಯತ್ನಿಸಿದ ಪದಗಳನ್ನು 256 ಎಲೆಕ್ಟ್ರೋಡುಗಳ ಮೂಲಕ ಓದಿ, ಅವರ ಹಳೆಯ ಧ್ವನಿಯಲ್ಲೇ ಕಂಪ್ಯೂಟರು ಉಚ್ಚರಿಸಿದ ವರದಿಯೂ ಬಂತು. ಇವೆಲ್ಲ ದೊಡ್ಡ ಸಾಧನೆಗಳು, ನರಳುತ್ತಿರುವವರ ಪಾಲಿಗೆ ಇವುಗಳಿಗೆ ಬೆಲೆ ಕಟ್ಟಲಾಗದು. ಆದರೂ ಸುಮಾರು 8,600 ಕೋಟಿ ನರಕೋಶಗಳಿರುವ ಮಿದುಳಿನ ಮುಂದೆ ಸಾವಿರ ಎಲೆಕ್ಟ್ರೋಡುಗಳೆಂದರೆ ತೀರ ಸಣ್ಣ ಕಿಂಡಿ. ಮಿಗಿಲಾಗಿ, ತಂತಿ ತುಂಡಾದರೆ ಯಂತ್ರಕ್ಕೆ ಏನೂ ಆಗುವುದಿಲ್ಲ. ಬಾಣ ಎಲ್ಲಿಗೆ ಹೋಗಬೇಕು, ಯಾವ ಮಾತು ಹೊರಡಬೇಕು ಎಂಬ ತವಕವೆಲ್ಲ ಇರುವುದು ಒಂದೇ ಬದಿಯಲ್ಲಿ.

ಮನಸ್ಸನ್ನೇ ಪೂರ್ತಿಯಾಗಿ ಕಂಪ್ಯೂಟರಿಗೆ ಇಳಿಸಿಕೊಳ್ಳುವ ಕನಸಿನ ಬಗ್ಗೆ ನಾನು ಹೆಚ್ಚು ಬರೆಯುವುದಿಲ್ಲ. ಒಂದು ಮಿಲಿಮೀಟರ್ ಉದ್ದದ ಸಿ. ಎಲೆಗನ್ಸ್ ಹುಳುವಿನ 302 ನರಕೋಶಗಳ ಜೋಡಣೆಯ ನಕ್ಷೆ 1986ರಲ್ಲೇ ಪ್ರಕಟವಾಯಿತು. ಆ ಹುಳುವಿನ ನಡವಳಿಕೆಯನ್ನು ಪೂರ್ತಿಯಾಗಿ ಕಂಪ್ಯೂಟರಿನಲ್ಲಿ ಮೂಡಿಸುವ ಕೆಲಸ ಇನ್ನೂ ಮುಗಿದಿಲ್ಲ.

ನನ್ನನ್ನು ನಿಜವಾಗಿ ಕಲಕುವುದು ಬೆಸುಗೆ ಆಗದೆ ಹೋದ ಪ್ರಸಂಗಗಳಲ್ಲ, ಚೆನ್ನಾಗಿ ಆದ ಪ್ರಸಂಗಗಳು. ಆಸ್ಟ್ರೇಲಿಯದ ಮಹಿಳೆಯೊಬ್ಬರು ತೀವ್ರವಾದ ಅಪಸ್ಮಾರದಿಂದ ಬಳಲುತ್ತಿದ್ದರು. ಸೆಳೆತ ಬರುವ ಮುನ್ಸೂಚನೆಯನ್ನು ಮಿದುಳಿನ ವಿದ್ಯುತ್ ಸಂಕೇತಗಳಿಂದ ಗುರುತಿಸಿ ಎಚ್ಚರಿಸುವ ಸಾಧನವೊಂದನ್ನು 2010ರ ಸುಮಾರಿಗೆ ಪ್ರಯೋಗದ ಅಂಗವಾಗಿ ಅವರಿಗೆ ಅಳವಡಿಸಿದರು. ಸೂಚನೆ ಬಂದಾಗ ಔಷಧ ತೆಗೆದುಕೊಳ್ಳುತ್ತ, ಎಷ್ಟೋ ವರ್ಷಗಳ ನಂತರ ಅವರು ಅಂಜಿಕೆಯಿಲ್ಲದೆ ಬದುಕತೊಡಗಿದರು. ತಾನೂ ಆ ಸಾಧನವೂ ಒಂದೇ ಆಗಿದ್ದೇವೆಂದು ಸಂಶೋಧಕರಿಗೆ ಹೇಳಿಕೊಂಡರು. ಆಮೇಲೆ ಅದನ್ನು ತಯಾರಿಸಿದ ಕಂಪನಿಗೆ ಹಣ ಸಾಲದೆ ಹೋಯಿತು. ಅದನ್ನು ಉಳಿಸಿಕೊಳ್ಳಲು ಅವರೂ ಅವರ ಪತಿಯೂ ಪಟ್ಟ ಪ್ರಯತ್ನ ಫಲಿಸಲಿಲ್ಲ, ಸಾಧನವನ್ನು ಹೊರತೆಗೆಯಲಾಯಿತು. ಇನ್ನೊಂದು ಕಡೆ, ಕುರುಡರಿಗೆ ಬೆಳಕಿನ ಚುಕ್ಕೆಗಳಷ್ಟನ್ನಾದರೂ ಕಾಣಿಸುತ್ತಿದ್ದ, 60 ಎಲೆಕ್ಟ್ರೋಡುಗಳ ಆರ್ಗಸ್ 2 ಎಂಬ ಅಕ್ಷಿಪಟಲದ ಸಾಧನಕ್ಕೆ 2013ರಲ್ಲಿ ಅಮೆರಿಕದಲ್ಲಿ ಮಾರಾಟದ ಅನುಮತಿ ದೊರೆತಿತ್ತು. 2019ರಲ್ಲಿ ಕಂಪನಿ ಅದರ ತಯಾರಿಕೆಯನ್ನು ಕೈಬಿಟ್ಟಿತು, ಅದನ್ನು ಕಣ್ಣಿನೊಳಗೆ ಧರಿಸಿದ್ದ ಮುನ್ನೂರೈವತ್ತಕ್ಕೂ ಹೆಚ್ಚು ಜನರಿಗೆ ರಿಪೇರಿ ಮಾಡುವವರಿಲ್ಲದಂತಾಯಿತು.

ಆ ಮಹಿಳೆಯ ಮಿದುಳಿನಿಂದ ತೆಗೆದದ್ದು ಕಾಗದಪತ್ರಗಳ ಲೆಕ್ಕದಲ್ಲಿ ಕಂಪನಿಯ ಸ್ವತ್ತು. ಆದರೆ ಆ ಸ್ವತ್ತಿನ ಸುತ್ತ ವರ್ಷಗಟ್ಟಲೆ ದುಡಿದು ಅದನ್ನು ತನ್ನದಾಗಿಸಿಕೊಂಡಿದ್ದು ಅವರ ದೇಹ, ಅವರ ಮನಸ್ಸು. ಕಾಲು ಕತ್ತರಿಸಿದರೆ ಕಾಲು ಹೋಯಿತೆನ್ನುತ್ತೇವೆಯೇ ವಿನಾ ವಸ್ತುವೊಂದನ್ನು ಹಿಂತಿರುಗಿಸಿದರು ಎನ್ನುವುದಿಲ್ಲ. ಇಲ್ಲಿಯೂ ಹಾಗೆಯೇ ಯೋಚಿಸಬೇಕೆಂಬುದು ನನ್ನ ಖಚಿತವಾದ ನಿಲುವು. ಮನುಷ್ಯ ಯಂತ್ರವೋ ಅಲ್ಲವೋ ಎಂಬುದು ತೀರ್ಮಾನವಾಗುವವರೆಗೆ ಇದಕ್ಕಾಗಿ ಕಾಯಬೇಕಿಲ್ಲ. ಮಿದುಳಿಗೋ ಕಣ್ಣಿಗೋ ಸಾಧನವನ್ನು ಅಳವಡಿಸುವ ಮೊದಲು ರೋಗಿ ಸಹಿ ಹಾಕುವ ಒಪ್ಪಿಗೆ ಪತ್ರದಲ್ಲಿ, ಕಂಪನಿ ಮುಚ್ಚಿದರೆ ದುರಸ್ತಿಯ ಹೊಣೆ ಯಾರದು, ಅದಕ್ಕೆ ಮುಂಗಡವಾಗಿ ತೆಗೆದಿಟ್ಟ ಹಣವೆಷ್ಟು, ಸಾಧನದ ವಿನ್ಯಾಸವನ್ನೂ ಸಾಫ್ಟ್‌ವೇರನ್ನೂ ಬೇರೆ ಎಂಜಿನಿಯರುಗಳಿಗೆ ಒಪ್ಪಿಸುವರೇ ಎಂಬುದೆಲ್ಲ ಸ್ಪಷ್ಟವಾಗಿ ಬರೆದಿರಬೇಕು. ಅದನ್ನು ಹೊರತೆಗೆಯುವ ತೀರ್ಮಾನ, ಜೀವಕ್ಕೆ ಅಪಾಯವಿಲ್ಲದ ಪಕ್ಷದಲ್ಲಿ, ಧರಿಸಿದವರದ್ದೇ ಆಗಿರಬೇಕು.